ಅತ್ತೆಯ ಜ್ವರ ಹೊತ್ತು ಇಪ್ಪತ್ತೆರಡು ಕಿಲೋಮೀಟರು

ಬೆಟ್ಟ ಹತ್ತುವವರು ಊರಿನವರ ಜ್ವರ ಹೊತ್ತೊಯ್ಯುವುದು ನಮ್ಮಲ್ಲಿ ರೂಢಿ. ಕೈ ಹಿಡಿದರೆ ಸಾಕು, ಜ್ವರ ದಾಟಿ ಬರುತ್ತದೆ. ಚಳಿಯಲ್ಲಿ ನಡೆಯುವ ನಮಗೆ ಮೈ ಬೆಚ್ಚಗೆ, ಅವರಿಗೆ ಹಾಸಿಗೆಯಿಂದ ಬಿಡುಗಡೆ. ಸಂಜೆಯೊಳಗೆ ಗಾಳಿಗೆ ಕರಗದೆ ಉಳಿದದ್ದು ಮಾತ್ರ ಜ್ವರದವರಿಗೇ ವಾಪಸು.

ಈ ಸಲ ನಾನು ಹೊತ್ತದ್ದು ಅತ್ತೆಯ ಜ್ವರ, ನೂರಾ ಮೂರು. ಐದು ದಿನದಿಂದ ಅವರ ಬಾಯಿಗೆ ಬೆಲ್ಲವೂ ಕಹಿ. ಜ್ವರ ಪೂರ್ತಿ ಕರಗುವವರೆಗೆ ಆ ಕಹಿ ಹೋಗುವುದಿಲ್ಲ.

"ಮಹಾನಂದಾ, ಸ್ವೆಟರ್ ಒಟ್ಟ ತಗೀಬ್ಯಾಡ. ಸಂಜೀ ಒಳಗ ತಾನ ಕರಗ್ತೈತಿ," ಎಂದು ಬೆಳಿಗ್ಗೆ ಕೈ ಹಿಡಿದುಕೊಂಡೇ ಗದರಿದ್ದರು.

ಎಲ್ಲಿ ಕರಗುತ್ತದೆ? ಅವರ ಜ್ವರಕ್ಕೂ ಅವರದೇ ಹಟ. ಗಿಡಮರವಿಲ್ಲದ ಬೋಳು ನೆತ್ತಿಯ ಮೇಲೆ ಇಪ್ಪತ್ತೆರಡರಲ್ಲಿ ಹದಿನಾಲ್ಕು ಕಿಲೋಮೀಟರು ನಡೆದರೂ ಥರ್ಮಾಮೀಟರು ನೂರಾ ಒಂದರ ಕೆಳಗೆ ಇಳಿಯಲಿಲ್ಲ. ಜೊತೆಯವರೆಲ್ಲ ತಮ್ಮ ಜ್ವರ ಮುಗಿಸಿ ಶಾಲು ಹೊದೆಯುತ್ತಿದ್ದರು. ಇನ್ನೊಂದು ತಾಸಿಗೆ ಇಳಿಜಾರು, ಅಲ್ಲಿ ಗಾಳಿಯೇ ಇಲ್ಲ.

ಸ್ವೆಟರ್ ತೆಗೆದು ಚೀಲಕ್ಕೆ ತುರುಕಿದೆ. ತೋಳು ಚಾಚಿ ಗಾಳಿಗೆ ಎದುರಾಗಿ ನಡೆದೆ. ನೆತ್ತಿ ಮುಗಿಯುವಷ್ಟರಲ್ಲಿ ಹಲ್ಲು ಕಟಕಟ ಅನ್ನುತ್ತಿದ್ದವು, ಜ್ವರ ಬಿಟ್ಟಿತ್ತು.

ಆಗಲೇ ಅತ್ತೆಯ ಫೋನು ಬಂತು. ಬಾಯಿ ತುಂಬ ಏನೋ ಇತ್ತು.

"ಈಗ ನೋಡು, ರೊಟ್ಟಿ ರುಚಿ ಹತ್ತಾಕತ್ತೈತಿ."

"ಚಲೋ ಆತಲ್ರೀ ಅತ್ತಿ."

"ಏನ್ ಚಲೋ? ಸಂಜೀಗೆ ಹತ್ತಬೇಕಾದ ರುಚಿ ಮೂರು ಗಂಟೇಕ್ಕ ಹತ್ತೈತಿ. ಮದಲ ಸ್ವೆಟರ್ ಹಾಕ್ಕೋ."