ವರ್ಷ ತುಂಬಿದವನು

ರಾತ್ರಿ ಗಂಡ ಕುಡಿದು ಬಂದು ನೀಲಿ ಗೆರೆಯ ಅಂಗಿಯ ತುಂಬ ಕಾರಿಕೊಂಡಿದ್ದ. ಬೆಳಿಗ್ಗೆ ಅವಳು ಮೂಗು ಮುಚ್ಚಿಕೊಂಡು ಅದನ್ನು ಒಗೆದು ಹರವಿದಳು. ಸಂಜೆಯಾದರೂ ಕೈಯ ನಾತ ಹೋಗಲಿಲ್ಲ. ಅವರಿವರನ್ನು ಕೇಳಿಕೊಂಡು, ಕುಡಿತ ಬಿಟ್ಟವರು ವಾರಕ್ಕೊಮ್ಮೆ ಸೇರುವ ಚರ್ಚಿನ ಹಿಂದಿನ ಕೋಣೆಗೆ ಹೋದಳು.

ಬಾಗಿಲಲ್ಲಿದ್ದ ಹಿರಿಯರೊಬ್ಬರು ಟೀ ಕೊಟ್ಟರು. "ಯಾರಿಗೋಸ್ಕರ ಬಂದ್ರಮ್ಮಾ?"

"ನಮ್ಮ ಯಜಮಾನ್ರಿಗೆ. ಅವ್ರ ಪಕ್ಕ ಕೂರೋಕೂ ಹೇಸಿಗೆ ಆಗುತ್ತೆ ಸಾರ್. ಇಲ್ಲಿಗೆ ಬಂದ್ರೆ ಬಿಡ್ತಾರಾ?"

"ಒಳ್ಳೇ ದಿನ ಬಂದಿದ್ದೀರಿ. ಕುಡಿತ ಬಿಟ್ಟು ವರ್ಷ ತುಂಬಿದವ್ರಿಗೆ ನಾವು ಹುಟ್ಟುಹಬ್ಬ ಮಾಡ್ತೀವಿ. ಇವತ್ತು ನಮ್ಮಲ್ಲೊಬ್ರದ್ದು. ಅವ್ರ ಮಾತು ಕೇಳಿ, ಧೈರ್ಯ ಬರುತ್ತೆ."

ಒಳಗೆ ಚಪ್ಪಾಳೆ ಬಿತ್ತು. ಅವಳು ಇಣುಕಿದಳು.

ಕೊರಳಿಗೆ ಹಾರ ಹಾಕಿಕೊಂಡು ಕೇಕಿನ ಮುಂದೆ ನಿಂತಿದ್ದ ಗಂಡನ ಮೈಮೇಲೆ, ಇನ್ನೂ ಇಸ್ತ್ರಿ ಕಾಣದ, ಬೆಳಿಗ್ಗೆ ಅವಳೇ ಒಗೆದು ಹಾಕಿದ್ದ ನೀಲಿ ಗೆರೆಯ ಅಂಗಿಯಿತ್ತು.