ಅತ್ತೆ ಕಂಡ ಜಟೆ

"ಇದು ಸಿಕ್ಕಲ್ಲ. ಯಲ್ಲವ್ವನ ಜಟಿ," ಎಂದು ಮುದಕವ್ವ ಸೊಸೆಯ ತಲೆಯಿಂದ ಕೈ ತೆಗೆದು, ಆ ಕೈಯನ್ನೇ ಹಣೆಗೆ ಮುಟ್ಟಿಸಿಕೊಂಡಳು. ಹಣಿಗೆ ಮಾಯವ್ವನ ಹಿಂದಲೆಯ ಕೂದಲಲ್ಲಿ ಸಿಕ್ಕಿಕೊಂಡೇ ಇತ್ತು.

ಮಾಯವ್ವನಿಗೆ ನಂಬಿಕೆ ಬರಲಿಲ್ಲ. ನಲವತ್ತೈದು ದಾಟಿದ ಮೇಲೆ ಕೂದಲು ಅವಳ ಮಾತು ಕೇಳುತ್ತಿರಲಿಲ್ಲ, ನಿಜ. ಮೊದಲು ಚೂರು ಎಣ್ಣೆ ಕಂಡರೆ ಸಾಕು, ತೆಪ್ಪಗೆ ಮಲಗುತ್ತಿತ್ತು. ಈಗ ಎಷ್ಟು ಹಚ್ಚಿದರೂ ಒಣ ಹುಲ್ಲಿನಂತೆ ಒರಟೊರಟಾಗಿ ಎದ್ದು ನಿಲ್ಲುತ್ತಿತ್ತು. ಶಹಾಪುರದ ಮಗ್ಗದ ಶೆಡ್ಡಿನಲ್ಲಿ ಕಾಂಡಿಗೆ ನೂಲು ಸುತ್ತುವಾಗ ಹಾರುವ ಅರಳೆಯೆಲ್ಲ ಅದರೊಳಗೆ ಮನೆ ಮಾಡುತ್ತಿತ್ತು. ಆದರೆ ಅವಳನ್ನು ಚುಚ್ಚಿದ್ದು ಬೇರೆ. ಮದುವೆಯಾದಾಗಿನಿಂದ ತನ್ನ ತಲೆ ಮುಟ್ಟದ ಅತ್ತೆ ಇವತ್ತೇ "ಬಾ, ಹಿಕ್ಕತೇನಿ" ಎಂದು ಕರೆದದ್ದು ಯಾಕೆ? ದೇವಿಯ ಅರಿಶಿನದ ಪುಡಿ, ಭಂಡಾರದ ಚೀಲ ಅವಳ ಸೊಂಟದಲ್ಲಿ ಮೊದಲೇ ಸಿದ್ಧವಾಗಿದ್ದದ್ದು ಯಾಕೆ?

"ಅತ್ತಿ, ಕೊಬ್ರಿ ಎಣ್ಣಿ ಹಚ್ಚಿದ್ರ ಬಿಡತೈತ್ರಿ ಅದು."

"ಎಣ್ಣಿನೂ ಇಲ್ಲ, ಹಣಗಿನೂ ಇಲ್ಲ ಇನ್ನ. ಜಟಿ ಬಿಡಿಸಿದ ಮನ್ಯಾಗ ಗಂಡಸ ರಕ್ತಾ ಕಾರತಾನ," ಎಂದಳು ಮುದಕವ್ವ, ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಮಗ ರಾಯಪ್ಪನಿಗೂ ಕೇಳುವಂತೆ. "ಹುಣ್ಣಿವಿಗೆ ಯಲ್ಲವ್ವನ ಗುಡ್ಡಕ್ಕ ಕರಕೊಂಡ ಹೋಗಿ ಮುತ್ತ ಕಟ್ಟಸ್ತೇನಿ."

ಮಾಯವ್ವ ಸಿಕ್ಕಿದ್ದ ಹಣಿಗೆಯನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡಳು. ದೇವಿಯ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡವಳು ಜೋಗವ್ವ. ಗಂಡ, ಮನೆ, ಕೆಲಸ ಯಾವುದೂ ಅವಳದಲ್ಲ. ಬುಟ್ಟಿ ಹೊತ್ತು ಮನೆಮನೆ ತಿರುಗಬೇಕು. ಮುದುಕಿಗೆ ಬೇಕಾದದ್ದು ಅದೇ ಇರಬೇಕು. ನೂಲ ಊರಿನ ಬೀಗರಲ್ಲಿ ಯಾರನ್ನೋ ಮಗನಿಗೆ ನೋಡಿಟ್ಟಿರಬೇಕು.

ಮರುದಿನದಿಂದ ಅನುಮಾನಕ್ಕೆ ಕೈಕಾಲು ಬಂದವು. ಯಾವತ್ತೂ "ಖೋಡಿ" ಎಂದೇ ಕರೆಯುತ್ತಿದ್ದ ಅತ್ತೆ ಈಗ "ತಾಯಿ, ನೀವ ಮೊದಲ ಚಹಾ ತಗೋರಿ" ಅನ್ನುತ್ತಿದ್ದಳು. ಮಾಯವ್ವ ಕಪ್ಪನ್ನು ಮೂಸಿ ನೋಡಿ ಕುಡಿಯುತ್ತಿದ್ದಳು. ರಾಯಪ್ಪ ಊಟಕ್ಕೆ ಕೂತ ಹೊತ್ತು ನೋಡಿಯೇ ಮುದುಕಿ ಭಂಡಾರ ತಂದು ಆ ಕೂದಲ ಗಂಟಿಗೆ ಮೆತ್ತುತ್ತಿದ್ದಳು. ಅವನಿಲ್ಲದಾಗ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ರವಿವಾರ ಗಡಹಿಂಗ್ಲಜದಿಂದ ಮಗಳು ರೂಪಾಲಿ ಬಂದಳು. ಅಲ್ಲಿ ನರ್ಸಿಂಗ್ ಕಲಿಯುತ್ತಿದ್ದಳು. "ಅವ್ವಾ, ಮುಟ್ಟ ನಿಲ್ಲೂ ವಯಸ್ಸಿಗೆ ಕೂದಲ ಹಿಂಗ ಒಣಗತಾವ, ಸಿಕ್ಕಾಗತಾವ. ನಮ್ಮ ಪುಸ್ತಕದಾಗನ ಐತಿ. ಕುಂಡರು, ಬಿಡಸ್ತೇನಿ."

"ನಿಮ್ಮಪ್ಪ ರಕ್ತಾ ಕಾರಿದ್ರ ನಿನ್ನ ಪುಸ್ತಕ ಬಂದು ಒರಸತೈತೇನ?" ಎಂದಳು ಮುದಕವ್ವ, ಅಡಕೆ ಕತ್ತರಿಸುತ್ತಲೇ.

ರೂಪಾಲಿ ತಾಯಿಯ ಮುಖ ನೋಡಿದಳು. ಮಾಯವ್ವ ತಲೆ ಮೇಲೆ ಸೆರಗು ಎಳೆದುಕೊಂಡಳು. ನಾಳೆ ಗಂಡನಿಗೆ ಬರೀ ಕೆಮ್ಮು ಬಂದರೂ ಊರೆಲ್ಲ ತನ್ನ ಕಡೆಗೇ ಬೆರಳು ಮಾಡುತ್ತದೆ. ಮಗಳ ಮಾತು ಸುಳ್ಳಲ್ಲ. ಆದರೆ ನಿಜವಾಗಿದ್ದರೂ ಅದನ್ನು ಹಿಡಿದುಕೊಂಡು ಏನು ಮಾಡುವುದು?

ಆ ವಾರದಲ್ಲೇ ಒಂದು ಸಂಜೆ ಪಾಳಿ ಮುಗಿಸಿ ಬಂದ ರಾಯಪ್ಪ, ಬೇಳೆ ನೀರಾಗಿದೆ ಎಂದು ತಾಟು ದೂಡಿ ಎದ್ದ. ಯಾವಾಗಲೂ ಮಾಡುವಂತೆ ಅವಳ ಹಿಂದಲೆಯ ಕೂದಲಿಗೆ ಕೈ ಹಾಕಿದ. ಬೆರಳಿಗೆ ಭಂಡಾರ ಹತ್ತಿತು. ಕೆಂಡ ಮುಟ್ಟಿದವನಂತೆ ಕೈ ಹಿಂದೆಳೆದು, ಲುಂಗಿಗೆ ಒರೆಸಿಕೊಂಡು ಹೊರಗೆ ನಡೆದ. ಮಾಯವ್ವ ಕಣ್ಣು ಮುಚ್ಚಿ ಕುತ್ತಿಗೆ ಬಿಗಿಹಿಡಿದು ನಿಂತೇ ಇದ್ದಳು. ಬೀಳಬೇಕಾದ ಏಟು ಬೀಳಲಿಲ್ಲ. ಸಮಾಧಾನಕ್ಕಿಂತ ಮೊದಲು ಅವಳಿಗೆ ಹೆದರಿಕೆಯೇ ಬಂತು: ಇವನೂ ಒಪ್ಪಿಬಿಟ್ಟ. ಇವನ ಲೆಕ್ಕದಲ್ಲೂ ತಾನಿನ್ನು ಹೆಂಡತಿಯಲ್ಲ.

ಹುಣ್ಣಿಮೆ ಬಂತು. "ಮೊಣಕಾಲ ಹಿಡದಾವ. ಮುಂದಿನ ಹುಣ್ಣಿವಿ ನೋಡೂಣು," ಎಂದು ಮುದಕವ್ವ ಕಾಲು ಚಾಚಿದಳು. ಬೆಳಗ್ಗೆಯಷ್ಟೇ ಅವಳು ಎರಡು ಕೊಡ ನೀರು ಹೊತ್ತು ತಂದದ್ದನ್ನು ಮಾಯವ್ವ ನೋಡಿದ್ದಳು. ಇನ್ನು ತಡೆಯಲಾಗಲಿಲ್ಲ. ಏನೇ ಆಗಲಿ, ಇದರ ಒಳಗೆ ಏನಿದೆ ನೋಡಿಯೇ ಬಿಡುವುದು. ರಾಯಪ್ಪ ಪಾಳಿಗೆ ಹೋದ ಮೇಲೆ ಎಣ್ಣೆ ಬಾಟಲಿ ಹಿಡಿದು ಒಳಕೋಣೆಯ ಮೂಲೆಯಲ್ಲಿ ಕೂತಳು. ಎಣ್ಣೆ ಇಳಿದಂತೆ ಗಂಟು ಎಳೆಎಳೆಯಾಗಿ ಸಡಿಲವಾಯಿತು. ಒಳಗೆ ಒಣ ಕೂದಲು, ಅರಳೆ, ಅರಿಶಿನ. ಮತ್ತೇನೂ ಇರಲಿಲ್ಲ.

ತಲೆ ಎತ್ತಿದರೆ ಬಾಗಿಲಲ್ಲಿ ಮುದಕವ್ವ.

ಮುದುಕಿ ಕೂಗಲಿಲ್ಲ. ಬಂದು ಹಿಂದೆ ಕೂತು, ಹಣಿಗೆ ಕಿತ್ತುಕೊಂಡು, ಕೂದಲ ತುದಿಯಿಂದ ಮೇಲಕ್ಕೆ ಮೆಲ್ಲಗೆ ಬಾಚತೊಡಗಿದಳು.

"ನಿಮಗ ಗೊತ್ತಿತ್ತಲ್ರಿ?" ಎಂದಳು ಮಾಯವ್ವ.

"ನನ್ನವೂ ನಿನ್ನ ವಯಸ್ಸಿಗೆ ಹಿಂಗಾ ಆಗಿದ್ದು. ಕತ್ತಾಳಿ ನಾರ ಆಗಿದ್ದು. ಏನೂ ಆಗಂಗಿಲ್ಲ, ಎಣ್ಣಿ ಹಚ್ಚತಿರಬೇಕ."

"ಮತ್ತ ನನ್ನ ಯಾಕ ಇಷ್ಟ ಅಂಜಿಸಿದ್ರಿ?"

"ನೀ ಅಂಜಿದ್ರನ ಅಂವಾ ನಂಬತಾನ."

ಮುಂದಿನ ಕೂದಲನ್ನೆಲ್ಲ ನುಣ್ಣಗೆ ಬಾಚಿ ಮುಗಿಸಿ, ಇನ್ನೂ ಪೂರ್ತಿ ಬಿಚ್ಚಿಕೊಳ್ಳದ ಹಿಂದಲೆಯ ಗಂಟಿಗೆ ಬಂದಾಗ ಮುದಕವ್ವ ಕೈ ನಿಲ್ಲಿಸಿದಳು. ಹಣಿಗೆಯನ್ನು ಸೊಸೆಯ ಮಡಿಲಿಗೆ ಹಾಕಿದಳು.

"ಇದೊಂದೀಟ ಇರಲಿ ಬಿಡು," ಎಂದಳು. "ಅಂವನ ಮುಷ್ಟಿಗೆ ಸಿಗೂವಷ್ಟ."