ಒಂದು ದಿನ ಮೊದಲು

ಇಲ್ಲಿಗೂ ಅವಳೇ ಮೊದಲು ಬಂದು ಹೋಗಿದ್ದಳು.

"ನಿನ್ನೆ ಒಬ್ಬರು ಹೆಂಗಸು ಬಂದಿದ್ರು ಮೇಡಂ," ಎಂದ ಹಳೆಯ ತಂತಿ ಕಚೇರಿಯ ಕಾವಲುಗಾರ, ಬೀಗ ತೆಗೆಯುತ್ತ. "ಈ ಸುರುಳಿ ಮೆಟ್ಟಿಲನ್ನೇ ನೋಡ್ಬೇಕು ಅಂದ್ರು. ಕಂಬಿ ಹಿಡಿದು ಅಲ್ಲಾಡಿಸಿ ನೋಡಿದ್ರು."

ಮೆಟ್ಟಿಲ ಕಡೆ ಹೊರಟಿದ್ದ ಲೇಖಕಿ ಗಕ್ಕನೆ ಹಿಂದೆ ತಿರುಗಿದಳು. ಮೂರು ದಿನದಲ್ಲಿ ಇದು ಮೂರನೆಯ ಕಟ್ಟಡ. ಮೊನ್ನೆ ಮುಚ್ಚಿದ ಮುದ್ರಣಾಲಯದ ಗಾಜಿನ ಚಾವಣಿ, ನಿನ್ನೆ ಬ್ಯಾಂಕಿನ ಹಿಂದಿನ ದುಂಡು ಕೋಣೆ. ಎಲ್ಲ ಕಡೆಯೂ ಅದೇ ಮಾತು, ನಿನ್ನೆ ಒಬ್ಬರು ಬಂದಿದ್ರು.

"ಫೋಟೋ ತೆಗೆದರಾ? ಬರೆದುಕೊಂಡರಾ?"

"ಅದೇನಿಲ್ಲ. ಮೇಲೆ ದೀಪ ಇದೆಯಾ, ಮರ ಗಟ್ಟಿ ಇದೆಯಾ ಅಂತೆಲ್ಲ ಕೇಳಿದ್ರು."

ಅಂದರೆ ಪಳಗಿದ ಕೈ! ಯಾರೆಂದು ಬೇರೆ ಹೇಳಬೇಕೆ? ಭಾನುವಾರದ ಪತ್ರಿಕೆಯಲ್ಲಿ ಊರಿನ ಕಟ್ಟಡಗಳ ಬಗ್ಗೆ ಬರೆಯುವ ಅಂಕಣಗಾರ್ತಿಯೇ. ಕಾಲೇಜಿನಲ್ಲೂ ಇವಳಿಗಿಂತ ಒಂದು ಅಂಕ ಮುಂದಿದ್ದವಳು. ಈಗ ಇವಳ ಪುಸ್ತಕವನ್ನೂ ನುಂಗಿ ನೀರು ಕುಡಿಯಲು ಹೊರಟಿದ್ದಾಳೆ.

ಲೇಖಕಿ ಈ ಊರು ಬಿಟ್ಟು ಹನ್ನೆರಡು ವರ್ಷವಾಗಿತ್ತು. ಯಾರೂ ತಲೆಯೆತ್ತಿ ನೋಡದ ಕಟ್ಟಡಗಳ ಬಗ್ಗೆ ಮೊದಲ ಪುಸ್ತಕ ತನ್ನದಾಗಬೇಕೆಂಬ ಹಟದಿಂದ ಈಚೆಗೆ ವರ್ಷಕ್ಕೊಮ್ಮೆ ಬಂದು ಅಕ್ಕನ ಮನೆಯಲ್ಲಿ ಐದು ದಿನ ಉಳಿಯುತ್ತಿದ್ದಳು. ಮೊದಲ ವರ್ಷ ಗೇಟಿನಿಂದಲೇ ಅಟ್ಟಿದ್ದರು. ಈಗ ಎಲ್ಲರೂ ಬನ್ನಿ ಬನ್ನಿ ಅನ್ನುತ್ತಿದ್ದರು. ತನ್ನ ಹೆಸರು ಹಬ್ಬಿದೆ ಎಂದು ಅವಳು ಒಳಗೊಳಗೇ ಬೀಗುತ್ತಿದ್ದಳು.

ಆದರೆ ಯಾವ ದಿನ ಯಾವ ಕಟ್ಟಡ ಎಂಬುದು ಆ ಅಂಕಣಗಾರ್ತಿಗೆ ಗೊತ್ತಾದದ್ದು ಹೇಗೆ? ಪಟ್ಟಿ ಇದ್ದದ್ದು ಅಕ್ಕನ ಮನೆಯ ಊಟದ ಮೇಜಿನ ಮೇಲೆ. ನೋಡಿರಬಹುದಾದವಳು ಅಕ್ಕ ಒಬ್ಬಳೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು!

ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿಯೇಬಿಟ್ಟಳು.

"ನನ್ನ ಪಟ್ಟಿ ಯಾರಿಗಾದ್ರೂ ತೋರಿಸಿದ್ಯಾ?"

"ನಾನ್ಯಾರಿಗೆ ತೋರಿಸ್ಲಿ? ನಿನ್ನ ಕಟ್ಟಡ ನನಗೆ ಅರ್ಥವಾದ್ರೆ ತಾನೇ!" ಅಕ್ಕ ತಲೆ ಎತ್ತಲಿಲ್ಲ. "ಒಬ್ರು ಮೊದಲೇ ಹೋಗಿ ಬಂದ್ರೆ ನಿನ್ನ ಗಂಟೇನು ಹೋಯ್ತು?"

"ಮೊದಲು ಕಂಡವಳ ಹೆಸರೇ ಉಳಿಯೋದು. ಎರಡನೆಯವಳನ್ನ ಯಾರು ಮೂಸಿ ನೋಡ್ತಾರೆ?"

"ಅದೂ ನಿಜವೇ," ಎಂದು ಅಕ್ಕ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ದಿನದಂತೆ ಮಂಡಿನೋವಿನ ಚಿಕಿತ್ಸೆಗೆಂದು ಆಸ್ಪತ್ರೆಗೆ ಹೊರಟಳು. ಒಂದು ಸಲವಾದರೂ ನಿನ್ನ ಜೊತೆ ಬರ್ತೀನಿ ಅಂತ ಅವಳು ಮೊದಲ ವರ್ಷ ಕೇಳಿದ್ದುಂಟು. ನೀನು ನಾಲ್ಕು ಮೆಟ್ಟಿಲಿಗೊಮ್ಮೆ ಕೂರ್ತೀಯ, ಬೇಡ ಅಂದಿದ್ದಳು ಇವಳು.

ಪಟ್ಟಿಯಲ್ಲಿ ನಾಳೆಯ ಸಾಲಿಗೆ ಹಳೆಯ ಪಂಪ್‌ಹೌಸ್ ಇತ್ತು. ಹಾಗಾದರೆ ಆ ಮಹಾತಾಯಿ ಇವತ್ತೇ ಅಲ್ಲಿರಬೇಕು. ಇವತ್ತು ಅವಳ ಮುಖಕ್ಕೆ ಮಂಗಳಾರತಿ ಎತ್ತಿಯೇ ಬಿಡುತ್ತೇನೆಂದು ಲೇಖಕಿ ಆಟೋ ಹಿಡಿದಳು.

ಪಂಪ್‌ಹೌಸಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಎತ್ತರದ ಕಮಾನುಗಳು, ತುಕ್ಕು ಹಿಡಿದ ಯಂತ್ರ, ಇಳಿಜಾರಾಗಿ ಬೀಳುತ್ತಿದ್ದ ಬಿಸಿಲು. ಬೇರೆ ದಿನವಾಗಿದ್ದರೆ ಅಲ್ಲೇ ನಿಂತುಬಿಡುತ್ತಿದ್ದಳು. ಇವತ್ತು ಕಣ್ಣಿಗೆ ಏನೂ ಹಿಡಿಸಲಿಲ್ಲ.

"ಆಗಲ್ಲಮ್ಮ, ಹೊರಗಿನವರನ್ನ ಬಿಡೋ ಹಾಗಿಲ್ಲ," ಎನ್ನುತ್ತಿದ್ದ ಕಾವಲುಗಾರ.

ಲೇಖಕಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸಿಕ್ಕಿಬಿದ್ದೆಯಲ್ಲೇ ಕಳ್ಳಿ! ಕಂಬದ ಮರೆಯಿಂದ ಕತ್ತು ಚಾಚಿದಳು.

ಕಾವಲುಗಾರನೆದುರು, ಕೆಳಗಿನ ಮೆಟ್ಟಿಲ ಮೇಲೆ ಕಾಲು ಚಾಚಿ ಮಂಡಿ ನೀವಿಕೊಳ್ಳುತ್ತ ಅಕ್ಕ ಕೂತಿದ್ದಳು.

"ಹಾಗನ್ನಬೇಡಪ್ಪ. ನಾಳೆ ನನ್ನ ತಂಗಿ ಬರ್ತಾಳೆ. ಬನ್ನಿ ಮೇಡಂ ಅಂತ ಬಾಗಿಲು ತೆಗಿ, ನಾನು ಯಾರು ಅಂತ ಮಾತ್ರ ಹೇಳಬೇಡ. ಅವಳು ಈ ಊರಿಗೆ ಬರೋದು ನನ್ನನ್ನ ನೋಡೋಕಲ್ಲ, ಈ ಕಟ್ಟಡಗಳನ್ನ ನೋಡೋಕೆ. ಇಲ್ಲಿ ಬಾಗಿಲು ಹಾಕಿದ್ರೆ ಅವಳು ನಮ್ಮನೆಗೂ ಬರಲ್ಲ."